ಕೀಟ, ಸೂಜಿ, ಚೀಟಿ: ಮ್ಯೂಸಿಯಂ ಕೀಟಶಾಸ್ತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವಳು. 31 ವರ್ಷ ಒಂದು ಕೀಟ ಸಂಗ್ರಹಾಲಯದಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ನನ್ನ ವಿಷಯ ತಿಗಣೆಗಳು. ಹಾಸಿಗೆಯ ತಿಗಣೆ ಮಾತ್ರ ಅಲ್ಲ, ಗಿಡದ ರಸ ಹೀರುವ ಆ ಇಡೀ ಬಳಗ. ಶಾಲೆಗಳಿಗೆ ಹೋದಾಗ, ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ, ಬಸ್ಸಿನಲ್ಲಿ, ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ನಿಂತಲ್ಲೇ ಉತ್ತರ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಕೂತು ಬರೆದಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಗಡಿನಾಡಿನ ಮಕ್ಕಳು ಓದಲಿ ಅನ್ನುವುದೇ ಮುಖ್ಯ ಆಸೆ.

ಮ್ಯೂಸಿಯಂನಲ್ಲಿ ಹುಳುಗಳ ವಿಜ್ಞಾನಿಗೆ ಎಂತ ಕೆಲಸ?

ಮ್ಯೂಸಿಯಂ ಅಂದ ಕೂಡಲೇ ಟಿಕೆಟ್ ತೆಗೆದು ನೋಡುವ ಗಾಜಿನ ಕಪಾಟು ನೆನಪಾಗುತ್ತದೆ. ನಮ್ಮ ಕೆಲಸ ಅದರ ಹಿಂದಿನ ಕೋಣೆಗಳಲ್ಲಿ. ಅಲ್ಲಿ ಸಾಲು ಸಾಲು ಬೀರು. ಬೀರಿನೊಳಗೆ ಗಾಜಿನ ಮುಚ್ಚಳದ ಪೆಟ್ಟಿಗೆಗಳು. ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿದ ಒಣ ಕೀಟಗಳು. ಪ್ರತಿ ಸೂಜಿಯಲ್ಲೂ ಕೀಟದ ಕೆಳಗೆ ಒಂದು ಪುಟ್ಟ ಚೀಟಿ.

ಹೊರಗೆ ಹೋಗಿ ಹಿಡಿಯುವುದು, ವಿಂಗಡಿಸುವುದು, ಸೂಜಿ ಹಾಕುವುದು, ಚೀಟಿ ಬರೆಯುವುದು, ಇದು ಯಾವ ಜಾತಿ ಅಂತ ಗುರುತಿಸುವುದು, ಹೊಸದಾದರೆ ಹೆಸರಿಡುವುದು. ಬೇರೆ ಊರಿನ ವಿಜ್ಞಾನಿಗಳು ಕೇಳಿದಾಗ ಎರವಲು ಕೊಡುವುದು. ಉಳಿದ ಹೊತ್ತೆಲ್ಲ ಆ ಪೆಟ್ಟಿಗೆಗಳನ್ನು ಬೂಸ್ಟಿನಿಂದ, ಹುಳದಿಂದ ಕಾಯುವುದು. ವರ್ಷದಲ್ಲಿ ಎರಡು ತಿಂಗಳು ಕಾಡಿನಲ್ಲಿದ್ದರೆ ಹತ್ತು ತಿಂಗಳು ಸೂಕ್ಷ್ಮದರ್ಶಕದ ಮುಂದೆ. ಕಾಡು ಸುತ್ತುವ ಆಸೆಯಿಂದಲೇ ಬರುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಡಿಕೆ ತೋಟದ ಮನೆಯವರು ಈ ಕೆಲಸಕ್ಕೆ ಹೇಗೆ ಬಂದಿರಿ?

ತೋಟದಿಂದಲೇ ಬಂದೆ. ಮಳೆಗಾಲದ ಶುರುವಿನಲ್ಲಿ ಮದ್ದು ಬಿಡಲು ಮರ ಹತ್ತುತ್ತಿದ್ದ ಅಣ್ಣ ಒಬ್ಬರು ಒಮ್ಮೆ ಅಡಿಕೆ ಮರದ ಸುಳಿಯಿಂದ ಒಂದು ಹುಳ ತಂದು ನನ್ನ ಅಂಗೈಯಲ್ಲಿ ಬಿಟ್ಟರು. ಕೆಂಪು ಕಪ್ಪು ಬಣ್ಣ. ಅಕ್ಕಿ ಕಾಳಿನಷ್ಟು ಉದ್ದ. ಎಳೆ ಸುಳಿಯ ಸಂದಿನಲ್ಲಿ ಗುಂಪಾಗಿ ಕೂತು ರಸ ಹೀರುತ್ತದೆ. ಅದು ಹೀರಿದ ಜಾಗ ಕಂದಾಗುತ್ತದೆ, ಸೋಗೆ ಬಿಡಿಸಿಕೊಂಡಾಗ ಹರಿದುಹೋದ ಹಾಗೆ ಕಾಣುತ್ತದೆ. ಅಜ್ಜನಿಗೆ ಅದರ ಚಾಳಿಯೆಲ್ಲ ಗೊತ್ತಿತ್ತು. "ಇದರ ಹೆಸರೆಂತ ಅಜ್ಜ?" ಅಂತ ಕೇಳಿದೆ. "ಹುಳ," ಅಂದರು.

ಹೆಸರು ಸಿಕ್ಕಿದ್ದು ಎಂ.ಎಸ್ಸಿ. ಓದುವಾಗ. ಕಾರ್ವಾಲ್ಹೋಯಿಯಾ ಅರೆಕೇ. ಕನ್ನಡದಲ್ಲಿ ಸುಳಿ ತಿಗಣೆ ಅನ್ನುತ್ತಾರೆ. ಮಿಲ್ಲರ್ ಮತ್ತು ಚೈನಾ ಅನ್ನುವ ಇಬ್ಬರು ಬ್ರಿಟಿಷ್ ತಜ್ಞರು 1957ರಲ್ಲಿ ಇಟ್ಟ ಹೆಸರು. ಮೊದಲ ಭಾಗ ಬ್ರೆಜಿಲ್‌ನ ತಿಗಣೆ ತಜ್ಞ ಕಾರ್ವಾಲ್ಹೋ ಅವರ ಗೌರವಕ್ಕೆ, ಎರಡನೆಯದು ನಮ್ಮ ಅಡಿಕೆಗೆ. ತಲೆಮಾರುಗಳಿಂದ ನಮ್ಮ ತೋಟದಲ್ಲಿದ್ದ ಹುಳ ವಿಜ್ಞಾನದ ಲೆಕ್ಕಕ್ಕೆ ಬಂದದ್ದು ಅಜ್ಜನ ನಡುವಯಸ್ಸಿನಲ್ಲಿ. ಇನ್ನೂ ಲೆಕ್ಕಕ್ಕೆ ಬಾರದವು ಎಷ್ಟಿರಬಹುದು ಅಂತ ಅನ್ನಿಸಿತು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಹೆಸರು ಗೊತ್ತಾದರೆ ಎಂತ ಲಾಭ? ಹುಳ ಸಾಯುವ ಮದ್ದು ಗೊತ್ತಾದರೆ ಸಾಕಲ್ವಾ?

ಇದು ರೈತರು ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಆಫ್ರಿಕನ್ ಪಾಯಲಿನ ಕತೆ ಹೇಳುತ್ತೇನೆ.

ಕೇರಳದ ಕಾಲುವೆ, ಕೆರೆ, ಗದ್ದೆಗಳಲ್ಲಿ ಈ ತೇಲುವ ಜರಿಗಿಡ ಚಾಪೆ ಹಾಸಿದ ಹಾಗೆ ಹರಡಿತ್ತು. ದೋಣಿ ಹೋಗದು, ನಾಟಿ ಆಗದು. ಹೆಸರಿಗೆ ಆಫ್ರಿಕನ್, ಊರು ಮಾತ್ರ ಬ್ರೆಜಿಲ್. ಮೊದಲು ಇದನ್ನು ಬೇರೊಂದು ಜಾತಿ ಅಂತಲೇ ತಿಳಿದಿದ್ದರು. 1972ರಲ್ಲಿ ಇದು ಬೇರೆಯೇ ಜಾತಿ ಅಂತ ತಿಳಿದು ಸಾಲ್ವೀನಿಯಾ ಮೊಲೆಸ್ಟಾ ಅಂತ ಹೆಸರಾಯಿತು. ಅದರ ತವರು ಹುಡುಕಿ ಹೋದವರಿಗೆ ಆಗ್ನೇಯ ಬ್ರೆಜಿಲ್‌ನಲ್ಲಿ ಅದನ್ನು ತಿನ್ನುವ ಎರಡು ಮಿಲಿಮೀಟರಿನ ಸೊಂಡಿಲು ದುಂಬಿ ಸಿಕ್ಕಿತು. ಆ ದುಂಬಿಯದ್ದೂ ಅದೇ ಕತೆ. ಟ್ರಿನಿಡಾಡಿನ ಒಂದು ದುಂಬಿ ನೋಡಲು ಥೇಟ್ ಹೀಗೇ ಇತ್ತು. ಅದನ್ನು ಮೊದಲೇ ಕೆಲವು ದೇಶಗಳಲ್ಲಿ ಬಿಟ್ಟು ನೋಡಿದ್ದರು. ಕಳೆ ಕಡಿಮೆ ಆಗಿರಲಿಲ್ಲ. ಬ್ರೆಜಿಲ್‌ನದ್ದು ಆಸ್ಟ್ರೇಲಿಯಾದ ಒಂದು ಸರೋವರವನ್ನೇ ಸ್ವಚ್ಛ ಮಾಡಿತು. ಎರಡೂ ಬೇರೆ ಬೇರೆ ಜಾತಿ ಅಂತ ಪೆಟ್ಟಿಗೆಯ ದುಂಬಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿಕೊಟ್ಟದ್ದು 1985ರಲ್ಲಿ. ಅಷ್ಟರಲ್ಲಿ, 1983ರ ಸುಮಾರಿಗೆ, ಸರಿಯಾದ ದುಂಬಿ ಬೆಂಗಳೂರಿನ ಒಂದು ಕೊಳಕ್ಕೆ ಬಂದು, ಅಲ್ಲಿಂದ ತ್ರಿಶೂರಿಗೆ ಹೋಗಿ, ಕೇರಳದ ನೀರನ್ನು ಬಿಡಿಸಿಕೊಟ್ಟಿತು.

ಇನ್ನೊಂದು ನೀವೇ ನೋಡಿದ್ದು. ನಮ್ಮ ತೆಂಗಿನ ಸೋಗೆಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ, ಮೇಲೆ ಮಸಿ ಬಳಿದ ಹಾಗೆ ಕಪ್ಪು. ಅದು 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡ ಬಿಳಿನೊಣ, ಅಮೆರಿಕ ಖಂಡದಿಂದ ಬಂದದ್ದು. ಜಾತಿ ಯಾವುದು ಅಂತ ಗೊತ್ತಾದ್ದರಿಂದಲೇ ಅದರ ಮರಿಯೊಳಗೆ ಮೊಟ್ಟೆ ಇಡುವ ಎನ್ಕಾರ್ಸಿಯಾ ಕಣಜವೂ ಇಲ್ಲಿದೆ ಅಂತ ಗುರುತಿಸಲು ಆಯಿತು. ಸುಮ್ನೆ ವಿಷ ಹೊಡೆದರೆ ಮೊದಲು ಸಾಯುವುದು ಆ ಕಣಜ. ಹಾಗಾಗಿ ಹೊಡೆಯಬೇಡಿ ಅಂತ ತಜ್ಞರು ಹೇಳಿದರು.

ಹುಳವನ್ನು ಕೊಲ್ಲುವುದು ಪಾಪ ಅಲ್ವಾ?

ಅಮ್ಮ ಇದನ್ನು ಕೊನೆಯವರೆಗೂ ಕೇಳುತ್ತಿದ್ದರು. ನಾನು ಅವರ ಮಾತನ್ನು ತಳ್ಳಿಹಾಕಲಿಲ್ಲ. ಕೊಲ್ಲುವುದು ಹೌದು. ಬಾಟಲಿಯಲ್ಲಿ ಈಥೈಲ್ ಅಸಿಟೇಟ್ ಹಾಕಿದ ಹತ್ತಿ ಇಟ್ಟು ಮುಚ್ಚುತ್ತೇವೆ. ಬೇಗ ಮುಗಿಯುತ್ತದೆ. ಬೇಕಾದಷ್ಟೇ ಹಿಡಿಯುತ್ತೇವೆ, ಉಳಿದದ್ದನ್ನು ಬಿಡುತ್ತೇವೆ. ಒಂದು ಕಾಡು ಕಡಿದರೆ, ಒಂದು ಗುಡ್ಡೆ ಅಗೆದರೆ ಸಾಯುವ ಕೀಟಗಳ ಮುಂದೆ ನಮ್ಮದು ಏನೂ ಅಲ್ಲ. ಆದರೂ ಅದನ್ನು ನೆಪ ಮಾಡಿಕೊಳ್ಳಬಾರದು. ಒಂದು ಜೀವ ತೆಗೆದ ಮೇಲೆ ಅದಕ್ಕೆ ಚೀಟಿ ಬರೆಯದೆ ಬಿಡುವುದು ನನ್ನ ಮಟ್ಟಿಗೆ ನಿಜವಾದ ಪಾಪ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಫೋಟೋ ಸಾಕಾಗುವುದಿಲ್ವಾ?

ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೆ ಬಹಳ ಸಲ ಸಾಕು. ಫೋಟೋ ಹಾಕುವ ಮಕ್ಕಳಿಂದ ನಾನೂ ಎಷ್ಟೋ ಕಲಿತಿದ್ದೇನೆ. ಆದರೆ ತಿಗಣೆ, ದುಂಬಿ, ಸಣ್ಣ ಕಣಜಗಳಲ್ಲಿ ಎರಡು ಜಾತಿಗಳು ಹೊರಗಿನಿಂದ ಅವಳಿ ಮಕ್ಕಳ ಹಾಗೆ. ವ್ಯತ್ಯಾಸ ಇರುವುದು ಗಂಡಿನ ಜನನಾಂಗದ ಆಕಾರದಲ್ಲಿ. ಹೊಟ್ಟೆಯ ತುದಿ ಬಿಡಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆದುಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫೋಟೋವನ್ನು ಬಿಡಿಸಿ ನೋಡಲು ಆಗುವುದಿಲ್ಲ.

ಹೊಸ ಜಾತಿಗೆ ಹೆಸರಿಡುವಾಗ ಒಂದೇ ಒಂದು ಕೀಟವನ್ನು ಆ ಹೆಸರಿನ ಒಡೆಯ ಅಂತ ಗೊತ್ತುಮಾಡುತ್ತೇವೆ. ಅದು ಹೋಲೋಟೈಪ್. ಅದಕ್ಕೆ ಕೆಂಪು ಚೀಟಿ. ನೂರು ವರ್ಷ ಬಿಟ್ಟು ಯಾರಿಗಾದರೂ ಸಂಶಯ ಬಂದರೆ ಅದನ್ನೇ ತೆಗೆದು ನೋಡುತ್ತಾರೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಹಿಡಿದ ಬಹಳಷ್ಟು ಹೋಲೋಟೈಪ್‌ಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ನಮ್ಮ ತೋಟದ ಹುಳದ ಗುರುತು ಹಿಡಿಯಲು ಅಲ್ಲಿಗೆ ಪತ್ರ ಬರೆದು ಕಾಯಬೇಕಾದ ದಿನಗಳನ್ನು ನಾನು ಕಂಡಿದ್ದೇನೆ. ಈಗ ಅವುಗಳ ಚಿತ್ರಗಳು ಒಂದೊಂದಾಗಿ ಸಿಗುತ್ತಿವೆ. ಅದು ದೊಡ್ಡ ಉಪಕಾರ.

ಚೀಟಿ ಚೀಟಿ ಅನ್ನುತ್ತೀರಲ್ಲ, ಅದರಲ್ಲಿ ಅಂಥದ್ದೇನಿದೆ?

ಇಡೀ ಕೆಲಸದ ಪ್ರಾಣ ಅದರಲ್ಲಿದೆ. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಕಾಗದ. ಅದರಲ್ಲಿ ದೇಶ, ರಾಜ್ಯ, ಜಿಲ್ಲೆ, ಊರು, ಸಮುದ್ರ ಮಟ್ಟದಿಂದ ಎತ್ತರ, ಅಕ್ಷಾಂಶ ರೇಖಾಂಶ, ದಿನಾಂಕ, ಹಿಡಿದವರ ಹೆಸರು. ಯಾವ ಗಿಡದಲ್ಲಿ ಸಿಕ್ಕಿತು ಅನ್ನುವುದು ಬೇರೆ ಚೀಟಿಯಲ್ಲಿ. ಜಾತಿಯ ಹೆಸರು ಎಲ್ಲದರ ಕೆಳಗೆ, ಇನ್ನೊಂದರಲ್ಲಿ. ಏಕೆಂದರೆ ಜಾತಿಯ ಹೆಸರು ನಾಳೆ ತಪ್ಪು ಅಂತ ಆಗಬಹುದು. ಸಿಕ್ಕ ಜಾಗ ಮತ್ತು ದಿನ ಬದಲಾಗುವುದಿಲ್ಲ. ತಿಂಗಳನ್ನು ರೋಮನ್ ಅಂಕೆಯಲ್ಲಿ ಬರೆಯುತ್ತೇವೆ. 6-5 ಅಂದರೆ ನಮಗೆ ಮೇ ಆರು, ಅಮೆರಿಕದವರಿಗೆ ಜೂನ್ ಐದು. ಮಳೆ ಬರುವ ಮೊದಲೋ ಬಂದ ಮೇಲೋ ಅನ್ನುವುದೇ ತಲೆಕೆಳಗಾಗುತ್ತದೆ.

ಗಡಿನಾಡಿನವರಿಗೆ ಈ ಚೀಟಿಯ ಕಷ್ಟ ಜಾಸ್ತಿ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆ. 1984ರಿಂದ ಪ್ರತ್ಯೇಕ ಜಿಲ್ಲೆ. ಹಳೆಯ ಪೆಟ್ಟಿಗೆಗಳಲ್ಲಿ ನಮ್ಮ ಊರಿನ ಕೀಟಗಳು "ಸೌತ್ ಕೆನರಾ" ಅನ್ನುವ ಒಂದೇ ಮಾತಿನ ಕೆಳಗೆ ಕೂತಿರುತ್ತವೆ. ಅದು ಕುಂದಾಪುರವೂ ಆಗಬಹುದು, ಕುಂಬಳೆಯೂ ಆಗಬಹುದು. ಈಗ ಕಂಪ್ಯೂಟರಿನಲ್ಲಿ ಕಾಸರಗೋಡು ಅಂತ ಹುಡುಕಿದರೆ ಆ ಕೀಟಗಳು ಬರುವುದೇ ಇಲ್ಲ. ಒಂದೇ ಊರು ಒಂದು ಚೀಟಿಯಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಹುಡುಕುವವರಿಗೆ ಅವು ಎರಡು ಊರು.

ಒಂದು ಸಲ ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿ ಒಂದು ತಿಗಣೆಯ ನಕಾಶೆ ಮಾಡಿದ. ಎಲ್ಲ ಚುಕ್ಕೆಗಳೂ ಪಶ್ಚಿಮ ಘಟ್ಟದ ಮಳೆಯ ಬದಿಗೆ. ಒಂದೇ ಚುಕ್ಕೆ ದೂರದಲ್ಲಿ, ಚಿತ್ರದುರ್ಗದ ಬಯಲಿನಲ್ಲಿ. "ಬರದ ನಾಡಿನಲ್ಲೂ ಇದೆ ಮೇಡಂ," ಅಂದ, ಖುಷಿಯಿಂದ. ಪೆಟ್ಟಿಗೆ ತೆಗೆಸಿದೆ. ಚೀಟಿಯಲ್ಲಿ ಹೊಸದುರ್ಗ ಅಂತ ಮಾತ್ರ ಇತ್ತು, ಜಿಲ್ಲೆ ಇರಲಿಲ್ಲ. ಹುಡುಗ ಮೈಸೂರು ಕಡೆಯವನು. ಅವನಿಗೆ ಹೊಸದುರ್ಗ ಅಂದರೆ ಚಿತ್ರದುರ್ಗ ಜಿಲ್ಲೆಯದ್ದು. ನನಗೆ ಹೊಸದುರ್ಗ ಅಂದರೆ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಕೋಟೆ ಇರುವ ನಮ್ಮ ಹೊಸದುರ್ಗ. ಅದೇ ಪೆಟ್ಟಿಗೆಯಲ್ಲಿ, ಅದೇ ಕೈಬರಹದಲ್ಲಿ, ಒಂದು ದಿನ ಹಿಂದಿನ ತಾರೀಕಿನ ಇನ್ನೊಂದು ಕೀಟ ಇತ್ತು. ಅದರ ಚೀಟಿಯಲ್ಲಿ ಕಾಞಂಗಾಡಿನ ಪಕ್ಕದ ನೀಲೇಶ್ವರ. ಚುಕ್ಕೆ ಕಡಲ ತೀರಕ್ಕೆ ಮರಳಿತು. ಎರಡು ಊರುಗಳ ಹೆಸರು ಬಲ್ಲ ಒಬ್ಬರು ಅಲ್ಲಿ ಇರದೇ ಹೋಗಿದ್ದರೆ ಆ ತಪ್ಪು ಅಚ್ಚಾಗಿ ಬಿಡುತ್ತಿತ್ತು. ಗಡಿನಾಡಿನ ಮಕ್ಕಳು ಈ ಕೆಲಸಕ್ಕೆ ಬರಬೇಕು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಕನ್ನಡ, ತುಳು, ಮಲಯಾಳಂ ಮೂರೂ ಬಲ್ಲವರಿಗೆ ಈ ಚೀಟಿಗಳು ಮಾತಾಡುತ್ತವೆ.

ನಾನೂ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರು ಊರು ಸುತ್ತಿ ಬಂದು, ಚೀಟಿ ಆಮೇಲೆ ಬರೆದರಾಯಿತು ಅಂತ ಬಿಟ್ಟೆ. ಜ್ವರ ಬಂತು. ಹದಿನೈದು ದಿನ ಬಿಟ್ಟು ನೋಡಿದರೆ ಯಾವುದು ಎಲ್ಲಿಯದು ಅಂತ ಖಾತ್ರಿ ಇಲ್ಲ. ಹಿರಿಯರು ಬೈಯಲಿಲ್ಲ. "ಅಂದಾಜಿನಲ್ಲಿ ಬರೆಯಬೇಡಮ್ಮಾ," ಅಂದರು ಅಷ್ಟೆ. ನಲವತ್ತು ಚಿಲ್ಲರೆ ಕೀಟಗಳನ್ನು ನಾನೇ ತೆಗೆದುಹಾಕಿದೆ. ಅಂದಿನಿಂದ ಹಿಡಿದ ರಾತ್ರಿಯೇ ಬರೆಯದೆ ಮಲಗಿದವಳಲ್ಲ.

ಸೂಜಿಯನ್ನು ಎಲ್ಲಿ ಚುಚ್ಚುತ್ತೀರಿ?

ಅದಕ್ಕೆ ನಿಯಮ ಇದೆ. ದುಂಬಿಗೆ ಬಲ ಗಟ್ಟಿರೆಕ್ಕೆಯ ಬುಡದ ಹತ್ತಿರ. ತಿಗಣೆಗೆ ಬೆನ್ನಿನ ತ್ರಿಕೋನದ ಮೇಲೆ, ನಡುಗೆರೆಯಿಂದ ಸ್ವಲ್ಪ ಬಲಕ್ಕೆ. ಚಿಟ್ಟೆ, ಪತಂಗಕ್ಕೆ ಎದೆಯ ನಡುವೆ. ಬಲಕ್ಕೆ ಚುಚ್ಚುವುದು ಯಾಕೆಂದರೆ ಎಡಬದಿ ಪೂರ್ತಿ ಹಾಳಾಗದೆ ಉಳಿಯಲಿ ಅಂತ. ಹೊಲಿಗೆಯ ಸೂಜಿ ಆಗದು, ತುಕ್ಕು ಹಿಡಿಯುತ್ತದೆ. ಕೀಟಗಳಿಗೆಂದೇ 38 ಮಿಲಿಮೀಟರ್ ಉದ್ದದ ತುಕ್ಕು ಹಿಡಿಯದ ಸೂಜಿ ಸಿಗುತ್ತದೆ. ಸುಳಿ ತಿಗಣೆಯಷ್ಟು ಸಣ್ಣದಕ್ಕೆ ಸೂಜಿ ಚುಚ್ಚಿದರೆ ಏನೂ ಉಳಿಯುವುದಿಲ್ಲ. ದಪ್ಪ ಕಾಗದದ ಪುಟ್ಟ ತ್ರಿಕೋನ ಕತ್ತರಿಸಿ, ತುದಿ ತುಸು ಬಾಗಿಸಿ, ಸಾಸಿವೆಯ ಚೂರಿನಷ್ಟು ಅಂಟು ಹಚ್ಚಿ, ಉಸಿರು ಹಿಡಿದು ಕೀಟದ ಎದೆಯ ಬಲಬದಿಗೆ ತಾಗಿಸಬೇಕು. ಫ್ಯಾನ್ ಹಾಕುವ ಹಾಗಿಲ್ಲ.

ಫೀಲ್ಡಿಗೆ ಹೋಗುವಾಗ ಏನೇನು ಒಯ್ಯುತ್ತೀರಿ?

ಬಲೆ, ಬಾಟಲಿ, ಆಲ್ಕೋಹಾಲ್, ಚಿಮಟ, ಪೆನ್ಸಿಲ್. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಒಂದು ಕೊಡೆ ಬೇಕೇ ಬೇಕು. ಮಳೆಗಲ್ಲ. ಪೊದೆಯ ಕೆಳಗೆ ತಲೆಕೆಳಗಾಗಿ ಹಿಡಿದು ಕೊಂಬೆಗೆ ಕೋಲಿನಿಂದ ಬಡಿದರೆ ತಿಗಣೆಗಳೆಲ್ಲ ಅದರೊಳಗೆ ಉದುರುತ್ತವೆ. ಹಳದಿ ಬಟ್ಟಲುಗಳಲ್ಲಿ ಸೋಪಿನ ನೀರು ಇಟ್ಟರೆ ಸಣ್ಣ ಕಣಜಗಳು ಹೂವೆಂದು ಬಂದು ಬೀಳುತ್ತವೆ.

ಇನ್ನೊಂದು ಮಲೇಸ್ ಬಲೆ, ನೋಡಲು ಡೇರೆಯ ಹಾಗೆ. ಸ್ವೀಡನ್ನಿನ ಕೀಟತಜ್ಞ ರೆನೆ ಮಲೇಸ್ ಅದನ್ನು ಬರ್ಮಾದಲ್ಲಿ 1934ರಲ್ಲಿ ಮಾಡಿಸಿದರು. ತಮ್ಮ ಡೇರೆಗೆ ನುಗ್ಗಿದ ಕೀಟಗಳು ಮೇಲೆ ಮೇಲೆ ಹತ್ತಿ ಮೂಲೆಯ ತೂತಿನಿಂದ ಹೊರಗೆ ಹೋಗುವುದನ್ನು ಅವರು ನೋಡಿದ್ದರು. ಆ ತೂತಿಗೊಂದು ಬಾಟಲಿ ಕಟ್ಟಿದರೆ ಆಯಿತು.

ನಮ್ಮೂರಿನಲ್ಲಿ ಕೀಟ ನೋಡಲು ಯಾವ ಕಾಲ ಒಳ್ಳೆಯದು?

ಮೊದಲ ಮಳೆ. ಅದಕ್ಕೆ ಸಮ ಇನ್ನೊಂದಿಲ್ಲ.

ಮೇ ಕೊನೆಗೋ ಜೂನ್ ಮೊದಲಿಗೋ ಮಣ್ಣು ನೆನೆದ ಸಂಜೆ ತೆಂಗಿನ ತೋಟದಲ್ಲಿ ಸುಮ್ನೆ ನಿಂತು ನೋಡಿ. ಬೆಳಕು ಇಳಿಯುತ್ತಾ ಬಂದು, ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಕಾಲ ಬುಡದಲ್ಲಿ ಮಣ್ಣು ಮಿಸುಕುತ್ತದೆ. ಕಂದು ಬಣ್ಣದ ದುಂಬಿಯೊಂದು ತಲೆ ಹೊರಗೆ ಹಾಕಿ, ಮೀಸೆಯ ತುದಿ ಬೀಸಣಿಗೆಯ ಹಾಗೆ ಬಿಡಿಸಿ ಗಾಳಿ ಹಿಡಿಯುತ್ತದೆ. ಆಮೇಲೆ ಇನ್ನೊಂದು. ಐದು ನಿಮಿಷದಲ್ಲಿ ಇಡೀ ತೋಟ ಗುಂಯ್ ಅನ್ನುತ್ತದೆ. ಅರ್ಧ ಗಂಟೆಯಲ್ಲಿ ಮತ್ತೆ ಮೌನ. ಇವು ಬೇರುಹುಳದ ತಾಯಿ ತಂದೆ, ಲ್ಯೂಕೋಫೋಲಿಸ್ ದುಂಬಿಗಳು. ಬೇರು ತಿನ್ನುವ ಮರಿಗಳನ್ನು ಮಣ್ಣಿನೊಳಗೆ ಹುಡುಕುವುದು ಕಷ್ಟ. ಈ ಅರ್ಧ ಗಂಟೆಯಲ್ಲಿ ದೊಡ್ಡ ದುಂಬಿಗಳನ್ನು ಕೈಯಿಂದಲೇ ಹೆಕ್ಕಬಹುದು. ಮನೆಯವರೆಲ್ಲ ಬಕೆಟ್ ಹಿಡಿದು ಇಳಿದರೆ ಮುಂದಿನ ವರ್ಷದ ಹಾನಿ ಕಡಿಮೆಯಾಗುತ್ತದೆ.

ಅದೇ ರಾತ್ರಿ ಮುರಕಲ್ಲಿನ ಪದವಿನ (ಬಯಲು ಗುಡ್ಡೆಯ) ಮೇಲೆ ಬಿಳಿ ವೇಷ್ಟಿ ಕಟ್ಟಿ ಹಿಂದೆ ದೀಪ ಇಟ್ಟರೆ ಪತಂಗ, ದುಂಬಿ, ರೆಕ್ಕೆ ಬಂದ ಒರಳೆ ಎಲ್ಲ ಬರುತ್ತವೆ. ತಿಂಗಳ ಬೆಳಕು ಇಲ್ಲದ ರಾತ್ರಿ ಆಗಬೇಕು. ಅಮಾವಾಸ್ಯೆಯ ಹಿಂದೆ ಮುಂದೆ ಒಳ್ಳೆಯದು.

ಮಳೆ ಬಿಟ್ಟ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ, ಅದೇ ಪದವಿಗೆ ಹಗಲು ಹೋಗಿ. ಹಳದಿ ಏರೋಪ್ಲೇನ್ ಚಿಟ್ಟೆಗಳು ಸೊಂಟದೆತ್ತರದಲ್ಲಿ ನೂರಾರು ಹಾರುತ್ತಿರುತ್ತವೆ. ಪಂಟಾಲಾ ಫ್ಲಾವೆಸೆನ್ಸ್. ಇದೇ ಜಾತಿ ಆ ದಿನಗಳಲ್ಲಿ ಮಾಲ್ಡೀವ್ಸ್‌ನಲ್ಲಿ ದಂಡು ದಂಡಾಗಿ ಇಳಿಯುತ್ತದೆ. ಅಲ್ಲಿ ಮರಿ ಮಾಡಲು ಸಿಹಿ ನೀರೇ ಇಲ್ಲ ಅನ್ನುವಷ್ಟು ಕಡಿಮೆ. ಭಾರತದಿಂದ ಗಾಳಿಯ ಜೊತೆ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಅಂತ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ತೋರಿಸಿಕೊಟ್ಟರು. ನಮ್ಮ ಪದವು ಪಾಳು ಜಾಗ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಎಲ್ಲೆಲ್ಲಿಗೆ ಹೋಗಿದ್ದೀರಿ?

ಆಗುಂಬೆ, ಕುದುರೆಮುಖ, ತಲಕಾವೇರಿ, ಸೈಲೆಂಟ್ ವ್ಯಾಲಿ. ಅರುಣಾಚಲದ ನಾಮ್ದಾಫಾಕ್ಕೆ ಎರಡು ಸಲ. ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಗೆ ಒಮ್ಮೆ, ಹಡಗಿನಲ್ಲಿ. ನಮ್ಮದೇ ರಾಣಿಪುರಂ ಬೆಟ್ಟಕ್ಕೆ ಎಷ್ಟು ಸಲ ಅಂತ ಲೆಕ್ಕ ಇಲ್ಲ.

ನಾಮ್ದಾಫಾದಲ್ಲಿ ಮಳೆ ಬಿಡದೆ ನಾಲ್ಕು ದಿನ ಡೇರೆಯಲ್ಲಿ ಕೂತಿದ್ದೆವು. ಐದನೆಯ ಬೆಳಿಗ್ಗೆ ಬಿಸಿಲು ಬಂತು. ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಉಪ್ಪು ಹೀರಲು ಇಳಿದವು. ಕಾಲಿಡಲು ಜಾಗ ಇರಲಿಲ್ಲ. ಬಲೆ ಕೈಯಲ್ಲಿದ್ದರೂ ಯಾರೂ ಬೀಸಲಿಲ್ಲ.

ಕಷ್ಟದ್ದೂ ಹೇಳಬೇಕು. ಘಟ್ಟದ ಒಂದು ವಸತಿಗೃಹದಲ್ಲಿ ಮೂರು ರಾತ್ರಿ ಹಿಡಿದದ್ದನ್ನು ಒಣಗಲು ಮೇಜಿನ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಸೂಜಿಗಳಿವೆ, ಚೀಟಿಗಳಿವೆ, ನಡುವೆ ಕೀಟ ಇಲ್ಲ. ಕೆಲವು ಸೂಜಿಗಳಲ್ಲಿ ರೆಕ್ಕೆ ಮಾತ್ರ. ಇರುವೆಗಳ ಸಾಲು ಕಿಟಕಿಯಿಂದ ಇಳಿಯುತ್ತಿತ್ತು. ಬೆಲ್ಲದ ಪಾತ್ರೆಗೆ ಇರುವೆ ಬಾರದಿರಲು ಅಜ್ಜಿ ನೀರಿನ ಬಟ್ಟಲಲ್ಲಿ ಇಡುತ್ತಿದ್ದರು. ಆಮೇಲಿನ ಎಲ್ಲ ಪ್ರಯಾಣದಲ್ಲೂ ಮೇಜಿನ ನಾಲ್ಕು ಕಾಲಿಗೆ ನೀರು ತುಂಬಿದ ನಾಲ್ಕು ಬಟ್ಟಲು ಇಟ್ಟೆ.

ಹಾವು, ಜಿಗಣೆ, ಹುಲಿ ಹೆದರಿಕೆ ಇಲ್ವಾ?

ಉದ್ದ ಬೂಟು, ಟಾರ್ಚು ಇದ್ದರೆ ಹಾವಿನ ಭಯ ಅರ್ಧ ಕಡಿಮೆ. ಜಿಗಣೆಗೆ ಹೊಗೆಸೊಪ್ಪು, ಉಪ್ಪು. ನಾನು ನಿಜವಾಗಿ ಎಚ್ಚರ ವಹಿಸುವುದು ಉಣ್ಣಿಗೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದು ಉಣ್ಣಿಯಿಂದಲೇ ಬರುತ್ತದೆ. ಕಾಡಿನಿಂದ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಪೂರ್ತಿ ನೋಡಿಕೊಳ್ಳಬೇಕು.

ಹೆಣ್ಣು ಮಕ್ಕಳಿಗೆ ಈ ಕೆಲಸ ಆಗುತ್ತದಾ?

ಆಗುತ್ತದೆ. ಕಷ್ಟ ಕೊಡುವುದು ಕಾಡಲ್ಲ. ಒಂದು ಊರಿನಲ್ಲಿ ಒಬ್ಬಳೇ ಹೆಂಗಸು ಅಂತ ಕೋಣೆ ಕೊಡಲಿಲ್ಲ, ರಾತ್ರಿ ಒಂಬತ್ತು ಗಂಟೆಗೆ. ಜೀಪಿನ ಡ್ರೈವರ್ ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದ. ಆ ಅಕ್ಕ ಊಟ ಹಾಕಿ, ದೀಪ ಹಿಡಿದು ನನ್ನ ಜೊತೆ ಹಿತ್ತಲಿನಲ್ಲಿ ಹುಳ ಹೆಕ್ಕಿದರು. ಈಗ ಕಾಲ ಸ್ವಲ್ಪ ಸುಧಾರಿಸಿದೆ. ಇಬ್ಬರು ಮೂವರು ಸೇರಿ ಹೋಗಿ, ಮೊದಲೇ ಫೋನ್ ಮಾಡಿ ಕೋಣೆ ಖಾತ್ರಿ ಮಾಡಿಕೊಳ್ಳಿ. ಮನೆಯವರು ಬೇಡ ಅಂದರೆ ಅವರನ್ನೂ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ. ನನ್ನ ಅಪ್ಪ ಹಾಗೇ ಒಪ್ಪಿದ್ದು.

ಏನು ಓದಬೇಕು? ಕೆಲಸ ಎಲ್ಲಿ ಸಿಗುತ್ತದೆ?

ಎರಡು ದಾರಿ. ಬಿ.ಎಸ್ಸಿ. ಪ್ರಾಣಿಶಾಸ್ತ್ರ, ಆಮೇಲೆ ಎಂ.ಎಸ್ಸಿ. ಇಲ್ಲವೇ ಬಿ.ಎಸ್ಸಿ. ಕೃಷಿ, ಆಮೇಲೆ ಕೀಟಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡರಲ್ಲೂ ಕೊನೆಗೆ ಪಿಎಚ್.ಡಿ. ಬೇಕು. ನಮ್ಮ ಜಿಲ್ಲೆಯಲ್ಲೇ ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಂತೂ ಮನೆ ಬಾಗಿಲಲ್ಲೇ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು.

ಅದೇ 1916ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಹುಟ್ಟಿತು. ದೇಶದ ದೊಡ್ಡ ಸಂಗ್ರಹ ಅಲ್ಲಿದೆ. ಕೋಯಿಕ್ಕೋಡಿನಲ್ಲಿ, ಚೆನ್ನೈಯಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ದೆಹಲಿಯಲ್ಲಿ ಪೂಸಾ ಕೃಷಿ ಸಂಸ್ಥೆಯ ಕೀಟ ಸಂಗ್ರಹ, ಬೆಂಗಳೂರಿನಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಮತ್ತು ಕೃಷಿ ವಿಶ್ವವಿದ್ಯಾಲಯದ ಸಂಗ್ರಹ. ಆ ವಿಶ್ವವಿದ್ಯಾಲಯದ ಸಿ.ಎ. ವಿರಕ್ತಮಠ ಅವರು ಜಿಗಿಹುಳುಗಳ ಮೇಲೆ ಮಾಡಿದ ಕೆಲಸಕ್ಕೆ ಲೋಕದಲ್ಲೇ ಹೆಸರಿದೆ. ಕನ್ನಡ ನಾಡಿನಲ್ಲಿ ಕೂತು ಇದನ್ನು ಮಾಡಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಯಂ ಹುದ್ದೆ ಕಡಿಮೆ. ಇದನ್ನು ಮುಚ್ಚಿಡುವುದಿಲ್ಲ. ಹೆಚ್ಚಿನವರು ಪ್ರಾಜೆಕ್ಟಿನಲ್ಲಿ ಶುರು ಮಾಡುತ್ತಾರೆ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರಿಂದ. ಕೃಷಿ ಸಂಶೋಧನಾ ಸಂಸ್ಥೆಗಳಿಗೆ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ ಬರೆಯಬೇಕು. ಐದಾರು ವರ್ಷ ತಾಳ್ಮೆ ಬೇಕು, ಮನೆಯಲ್ಲಿ ಸ್ವಲ್ಪ ಆಸರೆ ಬೇಕು. ಇಂಗ್ಲಿಷ್ ಹೇಗಪ್ಪಾ ಅಂತ ಕೇಳುವ ಮಕ್ಕಳಿಗೆ: ನಾನು ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದು. ಕೀಟದ ಹೆಸರುಗಳು ಲ್ಯಾಟಿನ್ ರೂಪದವು, ಇಂಗ್ಲಿಷಿನವರಿಗೂ ಅವು ಪರಭಾಷೆಯೇ.

ಯಾರು ಬೇಕಾದರೂ ಹಿಡಿಯಬಹುದಾ?

ಸ್ವಂತ ತೋಟದ ಬೇರುಹುಳ ಹಿಡಿಯಲು ಯಾರನ್ನೂ ಕೇಳಬೇಕಿಲ್ಲ. ಅರಣ್ಯದಲ್ಲಿ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬಲೆ ಬೀಸಬಾರದು. ಹಲವು ಚಿಟ್ಟೆಗಳು, ಕೆಲವು ದುಂಬಿಗಳು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. ದೇಶದ ಹೊರಗೆ ಕಳಿಸಲು 2002ರ ಜೀವವೈವಿಧ್ಯ ಕಾಯಿದೆ ಅಡ್ಡ ಬರುತ್ತದೆ, ಬರಬೇಕಾದದ್ದೇ. 2008ರಲ್ಲಿ ಡಾರ್ಜಿಲಿಂಗಿನ ಸಿಂಗಲೀಲಾ ಉದ್ಯಾನದಲ್ಲಿ ಅನುಮತಿಯಿಲ್ಲದೆ ಕೀಟ ಹಿಡಿದ ಇಬ್ಬರು ವಿದೇಶಿಯರನ್ನು ಬಂಧಿಸಿದ್ದರು.

ಎಂಡೋಸಲ್ಫಾನ್ ಸಿಂಪಡಣೆಯಿಂದ ನಮ್ಮೂರಿನ ಕೀಟಗಳಿಗೆ ಏನಾಯಿತು?

ಎಣ್ಮಕಜೆಯವಳು ಅಂದ ಮೇಲೆ ಇದನ್ನು ಕೇಳದವರಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಮನುಷ್ಯರಿಗೆ ಆದದ್ದು ಲೋಕಕ್ಕೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆಯಿತು.

ಅದು ಯಾವ ಹುಳಕ್ಕೆ ಹೊಡೆದ ವಿಷ ಅಂತ ಮಕ್ಕಳಿಗೆ ತೋರಿಸುತ್ತೇನೆ. ಚಹ ಸೊಳ್ಳೆ ಅನ್ನುತ್ತಾರೆ. ಸೊಳ್ಳೆ ಅಲ್ಲ, ನನ್ನ ಬಳಗದ ತಿಗಣೆ, ಹೆಲೋಪೆಲ್ಟಿಸ್. ಉದ್ದ ಕಾಲು, ಉದ್ದ ಮೀಸೆ. ಮಸೂರದಲ್ಲಿ ನೋಡಿದರೆ ಬೆನ್ನಿನ ನಡುವೆ ಗುಂಡುಸೂಜಿ ನೆಟ್ಟ ಹಾಗೆ ಒಂದು ಮೊಳೆ ನೆಟ್ಟಗೆ ನಿಂತಿರುತ್ತದೆ. ಬಳಗದಲ್ಲಿ ಅದನ್ನು ಗುರುತಿಸುವುದೇ ಆ ಮೊಳೆಯಿಂದ. ಗೇರಿನ ಎಳೆ ಚಿಗುರು, ಹೂವಿನ ಗೊಂಚಲು ಹೀರಿ ಒಣಗಿಸುತ್ತದೆ. ಹಾನಿ ದೊಡ್ಡದೇ, ಸುಳ್ಳಲ್ಲ. ಆದರೆ ಆ ತಿಗಣೆ ಇರುವುದು ಚಿಗುರಿನ ತುದಿಯಲ್ಲಿ. ವಿಷ ಬಿದ್ದದ್ದು ಬಾವಿಗೆ, ನೀರಿಗಾಗಿ ಗುಡ್ಡೆಯಲ್ಲಿ ಕೊರೆದ ಸುರಂಗದ ನೀರಿಗೆ, ಮನೆಯ ಮಾಡಿಗೆ.

ನಮ್ಮ ಮಣ್ಣಿನ ಗೋಡೆಯ ತೂತಿನಲ್ಲಿ ಮುಜಂಟಿ ಜೇನು ಇತ್ತು. ಒಂದು ವರ್ಷ ಆ ತೂತಿನಲ್ಲಿ ಓಡಾಟ ನಿಂತಿತು ಅಂತ ಅಮ್ಮ ಹೇಳುತ್ತಿದ್ದರು. ಯಾವ ವರ್ಷ, ಯಾವ ತಿಂಗಳು? ಬರೆದಿಡಲಿಲ್ಲ. ನಾನು ಕೆಲಸದಲ್ಲಿದ್ದಷ್ಟು ದಿನವೂ ಬೇರೆ ಬೇರೆ ಸಂಗ್ರಹಗಳಲ್ಲಿ ಸಿಂಪಡಣೆಗೆ ಮೊದಲಿನ ನಮ್ಮ ಗುಡ್ಡೆಗಳ ಕೀಟ ಹುಡುಕಿದೆ. ಕೈಗೆ ಸಿಕ್ಕಿದ್ದು ಹನ್ನೊಂದು. ಎಲ್ಲದರಲ್ಲೂ ಸೌತ್ ಕೆನರಾ. ಕಾರವಾರದ ಕಡೆ ಹಾಗಲ್ಲ. ಅಲ್ಲಿ ಟಿ.ಆರ್. ಬೆಲ್ ಅನ್ನುವ ಅರಣ್ಯಾಧಿಕಾರಿ ಕಂಬಳಿಹುಳುಗಳನ್ನು ಮನೆಯಲ್ಲಿ ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ ಅಂತ ವರ್ಷಗಟ್ಟಲೆ ಬರೆದಿಟ್ಟರು. ಕಳೆದುಹೋದದ್ದನ್ನು ತೋರಿಸಬೇಕಾದರೆ ಇದ್ದದ್ದಕ್ಕೆ ಚೀಟಿ ಇರಬೇಕು. ನಮ್ಮ ಗುಡ್ಡೆಗೆ ಒಬ್ಬ ಬೆಲ್ ಇರಲಿಲ್ಲ. ಈಗಲಾದರೂ ಇವತ್ತಿನದ್ದನ್ನು ಬರೆದಿಡೋಣ ಅಂತ ಊರಿಗೆ ಬಂದ ಮೇಲೆ ಪ್ರತಿ ತಿಂಗಳು ಅದೇ ಮೂರು ಜಾಗಗಳಲ್ಲಿ ಹಿಡಿಯುತ್ತಿದ್ದೇನೆ.

ಮನೆಯಲ್ಲಿ, ಶಾಲೆಯಲ್ಲಿ ಸಂಗ್ರಹ ಇಟ್ಟುಕೊಳ್ಳಬಹುದಾ? ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದಲ್ಲ?

ಇಡಬಹುದು. ಚಿಟ್ಟೆ ಬೇಡ, ತೋಟದ ದುಂಬಿ, ತಿಗಣೆ ಸಾಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಊರು ನಮ್ಮದು. ಬಿಗಿ ಮುಚ್ಚಳದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೂಲೆಯಲ್ಲಿ ನ್ಯಾಫ್ತಲೀನ್. ಪೆಟ್ಟಿಗೆಯ ಅಡಿಯಲ್ಲಿ ಕಂದು ಪುಡಿ ಕಂಡರೆ ಒಣ ಕೀಟ ತಿನ್ನುವ ಆಂತ್ರೀನಸ್ ದುಂಬಿಯ ಮರಿ ಸೇರಿದೆ ಅಂತ ಅರ್ಥ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕೀಟದ ಮೇಲೆ ನೀರು ಕೂರುತ್ತದೆ.

ನಿಮ್ಮ ಹೆಸರಿನ ಕೀಟ ಇದೆಯಾ?

ನಮ್ಮ ಹೆಸರನ್ನು ನಾವೇ ಇಡುವ ರೂಢಿ ಇಲ್ಲ, ಬೇರೆಯವರು ಇಡಬೇಕು. ನಾನು ಇಟ್ಟ ಹೆಸರುಗಳಲ್ಲಿ ಹೆಚ್ಚಿನವು ಊರಿನ ಹೆಸರು, ಗಿಡದ ಹೆಸರು. ಊರಿನ ಹೆಸರು ಇಟ್ಟರೆ ಚೀಟಿ ಕಳೆದರೂ ಊರು ಉಳಿಯುತ್ತದೆ.

ನಮಗೊಂದು ವಿಚಿತ್ರ ಹುಳ ಸಿಕ್ಕಿದೆ. ನಿಮಗೆ ಹೇಗೆ ತಲುಪಿಸುವುದು?

ಜಜ್ಜಬೇಡಿ, ಅಂಟುಪಟ್ಟಿಯಲ್ಲಿ ಅಂಟಿಸಬೇಡಿ. ಸಣ್ಣ ಬಾಟಲಿಯಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಆಮೇಲೆ ಟಿಶ್ಯೂ ಕಾಗದದಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಡಿ. ಹತ್ತಿಯಲ್ಲಿ ಸುತ್ತಿದರೆ ಕಾಲುಗಳು ಸಿಕ್ಕಿಕೊಂಡು ಮುರಿಯುತ್ತವೆ. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಕಾಗದ ಇರಲಿ, ಕನ್ನಡವೋ ಮಲಯಾಳವೋ ಯಾವುದಾದರೂ ಸರಿ.

ಕಳೆದ ಜೂನಿನಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಕೊಟ್ಟ ಪೊಟ್ಟಣ ನನ್ನ ಮೇಜಿನ ಮೇಲೆ ಇನ್ನೂ ಇದೆ. ಒಳಗಿದ್ದದ್ದು ಸಾಮಾನ್ಯ ತಿಗಣೆ, ಎಲ್ಲ ತೋಟದಲ್ಲೂ ಸಿಗುವಂಥದ್ದು. ಕಾಗದದಲ್ಲಿ ಹೀಗಿತ್ತು: "ಬಾಯಾರು. ನಮ್ಮ ಸುರಂಗದ ಬಾಯಿಯ ಹತ್ತಿರದ ಕಾಟುಕೆಸು ಎಲೆಯ ಅಡಿ. ಜೂನ್ 9, ಸೋಮವಾರ, ಶಾಲೆ ಬಿಟ್ಟು ಬಂದ ಮೇಲೆ. ಮಳೆ ಬರುತ್ತಿತ್ತು. ಹಿಡಿದದ್ದು ನಾನು, ದೀಪ ಹಿಡಿದದ್ದು ತಮ್ಮ." ಇಬ್ಬರ ಹೆಸರನ್ನೂ ಚೀಟಿಗೆ ಸೇರಿಸಿದ್ದೇನೆ.